ಸಿಸೇರಿಯನ್ ಶಸ್ತ್ರಕ್ರಿಯೆಯೂ ಗಾಯದ ನಂಜೂ

ಹೊಟ್ಟೆಯನ್ನು ಕೊಯ್ದು ಶಿಶುವನ್ನು ತೆಗೆಯುವ ಶಸ್ತ್ರಕ್ರಿಯೆಗೆ ಸಿಸೇರಿಯನ್ ಎಂಬ ಹೆಸರು ರೋಮಿನ ಜೂಲಿಯಸ್ ಸೀಸರನಿಂದ ಬಂದಿತೆಂದು ಹೇಳುವ ವಾಡಿಕೆಯುಂಟು. ಸೀಸರನು ಹಾಗೆ ಹುಟ್ಟಿದವನೆಂಬುದು ನಂಬತಕ್ಕ ಮಾತಲ್ಲ. ಅವನ ತಾಯಿಯಾದ ಔರೇಲಿಯಳು ಮಗನು ಸೇನಾಪತಿಯಾಗಿ ಗಾಲ್ ದೇಶದಲ್ಲಿ ಕಾದುತ್ತಿದ್ದ ಕಾಲದವರೆಗೂ ಬದುಕಿದ್ದಳು; ಆ ಯುಗದಲ್ಲಾದರೋ ಈ ಕ್ರಿಯೆಯು ಸತ್ತ ತಾಯಿಗೆ ಮಾತ್ರ ವಿಹಿತವಾದುದಾಗಿತ್ತು. ಗರ್ಭಿಣಿಯು ಸತ್ತರೆ ಶಿಶುವನ್ನು ಕೊಯ್ದು ಬೇರ್ಪಡಿಸದೆ ಆಕೆಯನ್ನು ಹೂಳಕೂಡದೆಂದು ನ್ಯೂಮಾ ಅರಸನ ಹೆಸರಿನಲ್ಲಿ ನಡೆದುಬಂದ ಕಟ್ಟಳೆಯೊಂದು ರೋಮಿನಲ್ಲಿತ್ತು. ತಾಯಿಯು ಮೃತಳಾದ ಮೇಲೂ ಹೊಟ್ಟೆಯಲ್ಲಿ ಚಲನೆಯು ಕಂಡುಬಂದರೆ ವೈದ್ಯನು ಕೂಡಲೆ ಉದರವನ್ನು ಸೀಳಿ ಶಿಶುವನ್ನು ತೆಗೆಯತಕ್ಕದ್ದೆಂದು ನಮ್ಮ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿಯೂ ಹೇಳಿದೆ. ವ್ರಣಿತನಾದವನ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ಹಾಕಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ಇಷ್ಟರಿಂದಲೇ ಪ್ರಾಚೀನರಿಗೆ ಸೂಕ್ಷ್ಮಜೀವಿಗಳ ಅರಿವಿತ್ತೆಂದು ಸಾಧಿಸಹೊರಡುವುದು ಅಭಿಮಾನವಾದೀತೇ ಹೊರತು ಇತಿಹಾಸವಾಗದು. ಗಾಯವಾದವನ ಸುತ್ತಲಿನ ಗಾಳಿಯೂ ನೆಲವೂ ಶುಚಿಯಾಗಿರಬೇಕೆಂಬ ಎಚ್ಚರವು ಅವರಿಗಿತ್ತು, ಅಷ್ಟೆ.

ಜೀವಂತಳಾದ ತಾಯಿಯ ಹೊಟ್ಟೆಯನ್ನು ಕೊಯ್ಯುವ ಸಾಹಸವು ಯೂರೋಪಿನಲ್ಲಿ ಹಲವು ಶತಮಾನಗಳಿಂದ ಅಲ್ಲಲ್ಲಿ ನಡೆಯುತ್ತಲೇ ಇದ್ದಿತು. ಆದರೆ ಅದರ ಫಲವನ್ನು ಕೇಳಿದರೆ ಎದೆ ನಡುಗುವಂತಹುದು. ೧೮೬೫ರ ವೇಳೆಗೆ ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಈ ಕ್ರಿಯೆಗೊಳಗಾದ ನೂರು ಮಂದಿ ತಾಯಂದಿರಲ್ಲಿ ೮೫ ಮಂದಿ ಮಡಿಯುತ್ತಿದ್ದರೆಂದು ಲೆಕ್ಕವಿದೆ. ಪ್ಯಾರಿಸ್ ನಗರದಲ್ಲಂತೂ ೧೭೮೭ರಿಂದ ೧೮೭೬ರವರೆಗೆ ಒಬ್ಬಳೇ ಒಬ್ಬಳೂ ಬದುಕಲಿಲ್ಲವೆಂದು ಒಂದು ಗಣನೆಯು ಹೇಳುತ್ತದೆ. ಕತ್ತಿಯ ನೋವಿನಿಂದಲೇ ಸತ್ತವರು ಇವರಲ್ಲಿ ಕೆಲವರಿದ್ದರೂ ಇರಬಹುದು. ಮಿಕ್ಕವರನ್ನು ಕೊಂದುದು ಎರಡು ಕಾರಣಗಳು. ಮೊದಲನೆಯದು ರಕ್ತಸ್ರಾವ, ಎರಡನೆಯದು ನಂಜು. ಮೊದಲ ದಿನ ರಕ್ತಸ್ರಾವದಿಂದ ಉಳಿದವಳು ಮೂರನೆಯ ದಿನವೋ ನಾಲ್ಕನೆಯ ದಿನವೋ ಚಳಿಜ್ವರ ಹತ್ತಿ, ಹೊಟ್ಟೆಯುಬ್ಬಿ, ಸನ್ನಿಗೆ ಸಿಕ್ಕಿ ಸಾಯುತ್ತಿದ್ದಳು.

ಈ ಎರಡು ಕಾರಣಗಳಿಗೂ ಬೇರು ಒಂದೇ ಕಡೆಯಲ್ಲಿತ್ತೆಂಬುದು ಇಂದು ವಿಚಿತ್ರವಾಗಿ ತೋರುತ್ತದೆ. ಆ ಕಾಲದ ವೈದ್ಯರು ಹೊಟ್ಟೆಯ ಮೇಲಣ ಚರ್ಮವನ್ನು ಹೊಲಿಯುತ್ತಿದ್ದರು, ಗರ್ಭಕೋಶವನ್ನು ಮಾತ್ರ ಹೊಲಿಯುತ್ತಿರಲಿಲ್ಲ. ಗರ್ಭಕೋಶದ ಮಾಂಸವು ತಾನಾಗಿಯೇ ಸಂಕೋಚಗೊಂಡು ಗಾಯವನ್ನು ಮುಚ್ಚಿಕೊಳ್ಳುವುದೆಂದು ಅವರ ನಂಬಿಕೆ. ಅಲ್ಲದೆ ಒಳಗೆ ಹಾಕಿದ ಹೊಲಿಗೆಯನ್ನು ಮತ್ತೆ ಬಿಚ್ಚುವುದು ಹೇಗೆ, ಬಿಚ್ಚದೆ ಬಿಟ್ಟ ದಾರವು ಕೀವಿಗೆ ಕಾರಣವಾಗದೆ ಇದ್ದೀತೆ ಎಂಬ ಅಂಜಿಕೆಯೂ ಇತ್ತು. ಹೀಗಾಗಿ ಗರ್ಭಕೋಶದ ತೆರೆದ ಬಾಯಿಂದ ರಕ್ತವೂ ಕೊಳೆತ ಸ್ರಾವವೂ ನೇರವಾಗಿ ಉದರದೊಳಕ್ಕೆ ಸುರಿಯುತ್ತಿದ್ದವು. ನಂಜಿಗೆ ಅಂಜಿ ಹೊಲಿಗೆಯನ್ನು ಬಿಟ್ಟರು. ಹೊಲಿಗೆಯನ್ನು ಬಿಟ್ಟುದರಿಂದಲೇ ನಂಜು ಒಳಹೊಕ್ಕಿತು.

ಫಿಲಡೆಲ್ಫಿಯಾದ ರಾಬರ್ಟ್ ಹ್ಯಾರಿಸ್ ಎಂಬ ವೈದ್ಯನು ಈ ವಿಷಯದಲ್ಲಿ ಬಹುಕಾಲ ಲೆಕ್ಕಗಳನ್ನು ಕೂಡಿಸಿದವನು. ಗೂಳಿ ಹಸುಗಳ ಕೊಂಬು ತಿವಿದು ಹೊಟ್ಟೆಯೂ ಗರ್ಭಕೋಶವೂ ಸೀಳಿಹೋದ ಗರ್ಭಿಣಿಯರ ವೃತ್ತಾಂತಗಳನ್ನು ಆತನು ದೇಶದೇಶಗಳಿಂದ ಸಂಗ್ರಹಿಸಿ ೧೮೮೭ರಲ್ಲಿ ಪ್ರಕಟಿಸಿದನು. ನ್ಯೂಯಾರ್ಕಿನ ಶಸ್ತ್ರವೈದ್ಯರ ಕೈಗೆ ಸಿಕ್ಕವರಿಗಿಂತ ದನದ ಕೊಂಬಿಗೆ ಸಿಕ್ಕ ಹೆಂಗಸರಲ್ಲಿಯೇ ಬದುಕಿಕೊಂಡವರ ಪ್ರಮಾಣವು ಹೆಚ್ಚೆಂದು ಅದರಿಂದ ಕಂಡುಬಂದಿತು. ಇದು ಹಾಸ್ಯಕ್ಕೆ ಬರೆದುದಲ್ಲ. ಕೊಂಬಿನ ಗಾಯಕ್ಕೊಳಗಾದವಳು ಆ ಕ್ಷಣದವರೆಗೆ ಆರೋಗ್ಯವಂತೆ. ವೈದ್ಯನ ಬಳಿಗೆ ಬಂದವಳಾದರೋ ಎರಡು ಮೂರು ದಿನ ಬೇನೆ ತಿಂದು, ಹಲವರ ತೊಳೆಯದ ಕೈಗಳಿಂದ ಪರೀಕ್ಷಿಸಲ್ಪಟ್ಟು, ಕತ್ತಿಯನ್ನು ಹಿಡಿಯುವ ಮೊದಲೇ ನಂಜೇರಿದವಳು. ಶಸ್ತ್ರಕ್ರಿಯೆ ಮಾಡುವುದಿದ್ದರೆ ತಡಮಾಡದೆ ಮಾಡಿರೆಂಬುದೇ ಹ್ಯಾರಿಸನ ಮಾತಿನ ಸಾರ.

ಕೈಗಳ ವಿಷಯವನ್ನು ತಿಳಿಯಬೇಕಾದರೆ ನಲವತ್ತು ವರ್ಷ ಹಿಂದಕ್ಕೆ, ವಿಯೆನ್ನಾ ನಗರದ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. ೧೮೪೬ರಲ್ಲಿ ಮೊದಲನೆಯ ವಿಭಾಗದ ೪,೦೧೦ ಹೆರಿಗೆಗಳಲ್ಲಿ ೪೫೯ ತಾಯಂದಿರು ತೀರಿಕೊಂಡರು. ಎರಡನೆಯದರ ೩,೭೫೪ ಹೆರಿಗೆಗಳಲ್ಲಿ ಸತ್ತವರು ೧೦೫. ನಗರದ ಬಡ ಹೆಂಗಸರಿಗೆ ಈ ಭೇದವು ವೈದ್ಯರಿಗಿಂತ ಮೊದಲೇ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಕಾಲು ಹಿಡಿದು ಬೇಡುತ್ತಿದ್ದರು. ಅಲ್ಲಿ ಸಹಾಯಕನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸನು ಕಾರಣವನ್ನು ಹುಡುಕುತ್ತಿದ್ದಾಗ, ೧೮೪೭ರ ಮಾರ್ಚಿಯಲ್ಲಿ ಅವನ ಮಿತ್ರನಾದ ಕೊಲೆಚ್ಕಾ ಎಂಬ ಅಧ್ಯಾಪಕನು ಶವಪರೀಕ್ಷೆಯ ಹೊತ್ತಿನಲ್ಲಿ ಬೆರಳಿಗೆ ಕತ್ತಿ ತಾಗಿ ಸತ್ತನು. ಅವನ ಶರೀರದಲ್ಲಿ ಕಂಡ ವಿಕಾರಗಳು ಬಾಣಂತಿಯರ ಶರೀರದಲ್ಲಿ ಕಂಡವುಗಳನ್ನೇ ಹೋಲುತ್ತಿದ್ದವು. ಶವಗಳನ್ನು ಕೊಯ್ದ ಕೈಗಳಿಂದಲೇ ವಿದ್ಯಾರ್ಥಿಗಳು ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಸೆಮ್ಮೆಲ್‌ವೈಸನು ಆ ವರ್ಷದ ಮೇ ತಿಂಗಳಿನಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ನಿಯಮಿಸಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಮರಣವು ೧೮೪೮ರ ಇಡೀ ವರ್ಷದ ಲೆಕ್ಕದಲ್ಲಿ ನೂರಕ್ಕೆ ಒಂದೂಕಾಲಕ್ಕೆ ಇಳಿಯಿತು.

ಇಷ್ಟು ಸ್ಪಷ್ಟವಾದ ಅಂಕಿಗಳಿದ್ದೂ ವೈದ್ಯಲೋಕವು ಒಪ್ಪಲಿಲ್ಲ. ರೋಗಿಯನ್ನು ಕಾಯಬೇಕಾದ ಕೈಯೇ ರೋಗವನ್ನು ತರುವುದೆಂಬ ಮಾತು ಸಭ್ಯರಾದ ವೈದ್ಯರಿಗೆ ಅವಮಾನವೆನಿಸಿತು. ಸೆಮ್ಮೆಲ್‌ವೈಸನ ಕಡೆಯಲ್ಲಿಯೂ ತಪ್ಪಿಲ್ಲದೆ ಇಲ್ಲ. ತನ್ನ ಗ್ರಂಥವನ್ನು ಆತನು ೧೮೬೧ರವರೆಗೆ ಬರೆಯಲಿಲ್ಲ, ಬರೆದಾಗ ವಿರೋಧಿಗಳನ್ನು ಕೊಲೆಗಾರರೆಂದು ಜರೆದನು. ೧೮೬೫ರಲ್ಲಿ ಹುಚ್ಚರ ಆಸ್ಪತ್ರೆಯೊಂದರಲ್ಲಿ, ಗಾಯಕ್ಕೆ ನಂಜೇರಿ ಅವನು ಸತ್ತನು. ಅದೇ ವರ್ಷದ ಆಗಸ್ಟಿನಲ್ಲಿ ಗ್ಲಾಸ್ಗೊ ನಗರದ ಜೋಸೆಫ್ ಲಿಸ್ಟರನು ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿ, ಕೀವಾಗದೆ ಗಾಯವು ಮಾಯುವುದನ್ನು ಕಂಡನು. ೧೮೬೭ರಲ್ಲಿ ಅವನ ಲೇಖನಗಳು ಪ್ರಕಟವಾದ ಮೇಲೆ ಮಾತ್ರವೇ ಶಸ್ತ್ರವೈದ್ಯರು ನಿಧಾನವಾಗಿ ಕೈ, ಉಪಕರಣ, ದಾರಗಳ ಶುಚಿಯ ಕಡೆಗೆ ಮನಸ್ಸು ಕೊಡತೊಡಗಿದರು.

ಹೊಟ್ಟೆಯೊಳಗಿನ ಗಾಯಕ್ಕೆ ಪಟ್ಟಿಯನ್ನು ಕಟ್ಟುವುದು ಸಾಧ್ಯವಿಲ್ಲವಷ್ಟೆ. ಇಟಲಿಯ ಪಾವಿಯಾ ನಗರದ ಎದುವಾರ್ದೊ ಪೊರ್ರೊ ಎಂಬ ಪ್ರಸೂತಿಶಾಸ್ತ್ರದ ಅಧ್ಯಾಪಕನನ್ನು ಬಾಧಿಸಿದುದು ಈ ಪ್ರಶ್ನೆಯೇ. ಆ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಿಯೊಬ್ಬಳೂ ಅದುವರೆಗೆ ಬದುಕಿರಲಿಲ್ಲ. ನಂಜಿಗೆ ಮನೆಯಾಗುವುದು ಗರ್ಭಕೋಶವೇ ಆದರೆ ಆ ಮನೆಯನ್ನೇ ತೆಗೆದುಬಿಟ್ಟರೆ ಹೇಗೆಂದು ಅವನು ಆಲೋಚಿಸಿದನು. ೧೮೭೬ರಲ್ಲಿ ಜೂಲಿಯಾ ಕವಲ್ಲಿನಿ ಎಂಬ ೨೫ ವಯಸ್ಸಿನ ಚೊಚ್ಚಲ ಗರ್ಭಿಣಿಯು ಅಲ್ಲಿಗೆ ಬಂದಳು. ಬಾಲ್ಯದಲ್ಲಿ ಎಲುಬುಗಳನ್ನು ಬಗ್ಗಿಸುವ ರಿಕೆಟ್ಸ್ ರೋಗಕ್ಕೆ ತುತ್ತಾಗಿ ಆಕೆಯು ಕುಳ್ಳಾಗಿದ್ದಳು. ಸೊಂಟದ ಎಲುಬಿನ ಕಟ್ಟು ಎಷ್ಟು ಇಕ್ಕಟ್ಟಾಗಿತ್ತೆಂದರೆ ಶಿಶುವು ಸಹಜಮಾರ್ಗದಿಂದ ಬರುವುದು ಅಸಾಧ್ಯವಾಗಿತ್ತು. ಮೇ ೨೧ರಂದು ಪೊರ್ರೊ ಆಕೆಗೆ ಕ್ಲೋರೋಫಾರ್ಮನ್ನು ಕೊಡಿಸಿ ಉದರವನ್ನು ತೆರೆದು ಜೀವಂತವಾದ ಹೆಣ್ಣುಮಗುವನ್ನು ಹೊರತೆಗೆದನು. ಗರ್ಭಕೋಶದಿಂದ ರಕ್ತವು ನಿಲ್ಲದೆ ಹರಿಯತೊಡಗಲು, ಅದರ ಬುಡಕ್ಕೆ ತಂತಿಯನ್ನು ಬಿಗಿದು, ಮೇಲ್ಭಾಗವನ್ನೆಲ್ಲ ಅಂಡಾಶಯಗಳ ಸಹಿತ ಕತ್ತರಿಸಿ ತೆಗೆದು, ಉಳಿದ ಮೋಟನ್ನು ಹೊಟ್ಟೆಯ ಗಾಯದ ಕೆಳತುದಿಯಲ್ಲಿ ಹೊರಗೆ ಕಾಣುವಂತೆ ನಿಲ್ಲಿಸಿದನು. ಕೊಳೆಯುವುದಿದ್ದರೆ ಅದು ಹೊರಗೆ ಕೊಳೆಯಲಿ, ಒಳಗೆ ಸೋರದಿರಲಿ ಎಂಬುದು ಆ ಏರ್ಪಾಡಿನ ಮರ್ಮ. ತಾಯಿಯೂ ಮಗುವೂ ಬದುಕಿದರು.

ಈ ಸುದ್ದಿಯು ಯೂರೋಪಿನಲ್ಲೆಲ್ಲ ಹಬ್ಬಿ ಪೊರ್ರೊನ ಕ್ರಮವನ್ನು ಅನೇಕರು ಅನುಸರಿಸಿದರು. ಅವನನ್ನು ಕೊಂಡಾಡುವಾಗ ಒಂದು ಮಾತನ್ನು ಮರೆಯಲಾಗದು. ೨೫ ವರ್ಷದ ಹೆಂಗಸು ಒಂದೇ ಹೆರಿಗೆಯೊಂದಿಗೆ ತನ್ನ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಕಳೆದುಕೊಂಡು ಮನೆಗೆ ಹೋದಳು. ಗಾಯದ ನಂಜನ್ನು ತಡೆಯುವ ಉಪಾಯವು ವೈದ್ಯನಿಗೆ ತಿಳಿಯದೆ ಇದ್ದುದಕ್ಕೆ ಆಕೆಯ ಶರೀರವು ತೆತ್ತ ದಂಡವದು. ಪ್ರಾಣವು ಉಳಿದುದೇ ಆಶ್ಚರ್ಯವೆನಿಸಿದ್ದ ಆ ಕಾಲದಲ್ಲಿ ಈ ದಂಡವು ಹೆಚ್ಚೆಂದು ಬಹುಮಂದಿಗೆ ತೋರಲಿಲ್ಲ.

ಇದಾದ ಮೂರು ವರ್ಷಕ್ಕೆ, ಯೂರೋಪಿನ ಯಾವ ವಿದ್ಯಾಪೀಠದ ಸಂಪರ್ಕವೂ ಇಲ್ಲದ ಸ್ಥಳವೊಂದರಲ್ಲಿ ನಡೆದ ಘಟನೆಯು ಇನ್ನೂ ವಿಸ್ಮಯಕರವಾದುದು. ಪೂರ್ವ ಆಫ್ರಿಕದಲ್ಲಿ ಈಗಿನ ಉಗಾಂಡಕ್ಕೆ ಸೇರಿದ ಬುನ್ಯೋರೊ ರಾಜ್ಯದ ಕಹುರಾ ಎಂಬಲ್ಲಿ ೧೮೭೯ರಲ್ಲಿ ರಾಬರ್ಟ್ ಫೆಲ್ಕಿನ್ ಎಂಬ ಆಂಗ್ಲ ಪ್ರವಾಸಿಯು ಸ್ಥಳೀಯ ವೈದ್ಯನೊಬ್ಬನು ಮಾಡಿದ ಸಿಸೇರಿಯನ್ನನ್ನು ಕಣ್ಣಾರೆ ಕಂಡನು. ಸುಮಾರು ಇಪ್ಪತ್ತು ವರ್ಷದ ಚೊಚ್ಚಲ ಗರ್ಭಿಣಿಗೆ ಬಾಳೆಹಣ್ಣಿನ ಮದ್ಯವನ್ನು ಕುಡಿಸಿ ಅರೆಮತ್ತಿನಲ್ಲಿ ಮಲಗಿಸಿದ್ದರು. ವೈದ್ಯನು ಅದೇ ಮದ್ಯದಿಂದ ತನ್ನ ಕೈಗಳನ್ನೂ ಆಕೆಯ ಹೊಟ್ಟೆಯನ್ನೂ ತೊಳೆದು, ಬಳಿಕ ನೀರಿನಿಂದ ತೊಳೆದನು. ಒಂದೇ ಬೀಸಿಗೆ ನಡುಹೊಟ್ಟೆಯನ್ನು ಕೊಯ್ದು, ರಕ್ತವು ಚಿಮ್ಮಿದ ಕಡೆಗಳನ್ನು ಕಾದ ಕಬ್ಬಿಣದಿಂದ ಸುಟ್ಟು, ಶಿಶುವನ್ನು ತೆಗೆದ ಮೇಲೆ ಗರ್ಭಕೋಶವನ್ನು ಕೈಯಿಂದ ಹಿಸುಕಿ ಕುಗ್ಗಿಸಿದನು. ಅದಕ್ಕೆ ಹೊಲಿಗೆಯನ್ನು ಅವನೂ ಹಾಕಲಿಲ್ಲ. ಆದರೆ ಹೊಟ್ಟೆಯನ್ನು ಮುಚ್ಚುವ ಮುನ್ನ, ಗಾಯದ ಮೇಲೆ ಹುಲ್ಲಿನ ಚಾಪೆಯನ್ನಿರಿಸಿ, ಆಕೆಯನ್ನು ಮಂಚದ ಅಂಚಿನಲ್ಲಿ ಬೋರಲಾಗಿ ಹೊರಳಿಸಿ, ಒಳಗೆ ನಿಂತ ದ್ರವವೆಲ್ಲ ಬಸಿದುಹೋಗುವಂತೆ ಮಾಡಿಸಿದನು. ಅನಂತರ ತಿಕ್ಕಿ ನುಣುಪುಮಾಡಿದ ಏಳು ಕಬ್ಬಿಣದ ಮೊಳೆಗಳನ್ನು ಚುಚ್ಚಿ ಅಂಚುಗಳನ್ನು ಕೂಡಿಸಿ, ತೊಗಟೆಯ ನಾರಿನಿಂದ ಬಿಗಿದು, ಬೇರುಗಳನ್ನು ಅಗಿದು ಮಾಡಿದ ಲೇಪವನ್ನು ಹಚ್ಚಿ, ಬೆಚ್ಚಗೆ ಮಾಡಿದ ಬಾಳೆಯೆಲೆಯನ್ನು ಹೊದಿಸಿದನು. ಹನ್ನೊಂದನೆಯ ದಿನಕ್ಕೆ ಗಾಯವು ಕೂಡಿತ್ತೆಂದೂ ತಾಯಿ ಮಕ್ಕಳು ಕ್ಷೇಮವಾಗಿದ್ದರೆಂದೂ ಫೆಲ್ಕಿನ್ ಬರೆದಿರುವನು. ಅವನ ಲೇಖನವು ೧೮೮೪ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು.

ಬಾಳೆಯ ಮದ್ಯದಲ್ಲಿರುವ ಸಾರವು ಸೂಕ್ಷ್ಮಜೀವಿಗಳನ್ನು ಕೊಲ್ಲುವಷ್ಟು ತೀಕ್ಷ್ಣವಾದುದಲ್ಲ. ಅಗಿದ ಬೇರಿನ ಲೇಪವನ್ನು ಇಂದಿನ ಯಾವ ವೈದ್ಯನೂ ಒಪ್ಪಲಾರನು. ಒಂದೇ ನಿದರ್ಶನದಿಂದ ಆ ನಾಡಿನ ಮರಣದ ಪ್ರಮಾಣವನ್ನು ಊಹಿಸುವುದೂ ಸರಿಯಲ್ಲ. ಆದರೂ ಆ ವೈದ್ಯನ ಕೈಚಳಕವು ಹೊಸಬನದಾಗಿರಲಿಲ್ಲ. ಕೊಯ್ಯುವ ಮೊದಲು ಕೈಯನ್ನೂ ಹೊಟ್ಟೆಯನ್ನೂ ತೊಳೆಯಬೇಕು, ಮುಚ್ಚುವ ಮೊದಲು ಒಳಗನ್ನು ಬಸಿಯಬೇಕು ಎಂಬ ಕ್ರಮವು ಅಲ್ಲಿ ಪರಂಪರೆಯಿಂದ ಬಂದುದೆಂದು ಸ್ಪಷ್ಟವಾಗುತ್ತದೆ. ವಿಯೆನ್ನಾದ ಪಂಡಿತರು ಸೆಮ್ಮೆಲ್‌ವೈಸನನ್ನು ಪರಿಹಾಸ್ಯಮಾಡಿ ಆಗ ಮೂವತ್ತು ವರ್ಷವೂ ಕಳೆದಿರಲಿಲ್ಲವೆಂಬುದನ್ನು ನೆನೆದರೆ ಅನಾಗರಿಕರೆಂಬ ಶಬ್ದವನ್ನು ಎಲ್ಲಿ ಪ್ರಯೋಗಿಸಬೇಕೆಂಬುದೇ ತಿಳಿಯದಾಗುತ್ತದೆ.

ಪೊರ್ರೊ ವಿಧಿಸಿದ ದಂಡದಿಂದ ತಾಯಂದಿರನ್ನು ಬಿಡಿಸಿದ ಯಶಸ್ಸು ಇಬ್ಬರು ಜರ್ಮನ್ ವೈದ್ಯರಿಗೆ ಸಲ್ಲತಕ್ಕದ್ದು. ಫರ್ಡಿನಾಂಡ್ ಕೆಹ್ರರನು ೧೮೮೧ರ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ಸಮೀಪದ ಮೆಕೆಸ್‌ಹೈಮ್ ಎಂಬ ಹಳ್ಳಿಯಲ್ಲಿ ಗರ್ಭಕೋಶವನ್ನು ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ದು ಎರಡು ಪದರಗಳಲ್ಲಿ ಹೊಲಿದನು; ತಾಯಿಯು ಉಳಿದಳು. ಮರುವರ್ಷ ಲೈಪ್‌ಜಿಗ್ ನಗರದ ಮ್ಯಾಕ್ಸ್ ಸೆಂಗರ್ ಎಂಬ, ಮೂವತ್ತೂ ತುಂಬದ ತರುಣನು ಹಳೆಯ ವರದಿಗಳನ್ನೆಲ್ಲ ಸೋಸಿ ದೊಡ್ಡ ಪ್ರಬಂಧವನ್ನು ಬರೆದು, ಗರ್ಭಕೋಶವನ್ನು ಕಡಿದೊಗೆಯುವ ಅಗತ್ಯವಿಲ್ಲ, ಅದನ್ನು ಸರಿಯಾಗಿ ಹೊಲಿದರೆ ಸಾಕೆಂದು ವಾದಿಸಿದನು. ಬೆಳ್ಳಿಯ ತಂತಿಯಿಂದ ಆಳವಾದ ಹೊಲಿಗೆಗಳು, ರೇಷ್ಮೆಯಿಂದ ಮೇಲ್ಪದರದ ಹೊಲಿಗೆಗಳು. ಹೊರಪೊರೆಯ ಅಂಚಿಗೆ ಅಂಚು ತಾಗಿ ಕೂಡುವಂತೆ ಜೋಡಣೆ. ಹಾಗೆ ಕೂಡಿದ ಪೊರೆಯು ಕೆಲವೇ ಗಂಟೆಗಳಲ್ಲಿ ಬೆಸೆದುಕೊಂಡು ಗರ್ಭಕೋಶದ ಒಳಗಿನ ಕಲ್ಮಷಕ್ಕೂ ಉದರಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಅದುವರೆಗೆ ರಕ್ತವನ್ನು ನಿಲ್ಲಿಸುವ ಸಾಧನವೆಂದಷ್ಟೇ ಕಾಣುತ್ತಿದ್ದ ಹೊಲಿಗೆಯು ನಂಜನ್ನು ತಡೆಯುವ ಸಾಧನವೂ ಆಯಿತು. ಅಮೆರಿಕದಲ್ಲಿ ಕೆಲವರು ಬೆಳ್ಳಿಯ ತಂತಿಯನ್ನು ಮೊದಲೇ ಬಳಸಿ ಜಯಪಡೆದಿದ್ದರು. ಚದರಿದ್ದ ಆ ಅನುಭವಗಳನ್ನು ಒಂದು ಶಾಸ್ತ್ರವನ್ನಾಗಿ ಕಟ್ಟಿದುದು ಸೆಂಗರನ ಹಿರಿಮೆ.

ಇನ್ನೊಂದು ಸಂಕಟವು ಉಳಿದೇ ಇತ್ತು. ನೀರೊಡೆದು ಬಹಳ ಹೊತ್ತಾಗಿ ಗರ್ಭಕೋಶವೇ ನಂಜೇರಿದ ಮೇಲೆ ಬರುವ ತಾಯಿಗೆ ಎಷ್ಟು ಅಂದವಾಗಿ ಹೊಲಿದರೇನು? ಕೊಲೋನ್ ನಗರದ ಫ್ರಾಂಕ್ ಎಂಬಾತನು ೧೯೦೬ರ ಸುಮಾರಿಗೆ ಉದರದ ಒಳಪೊರೆಯನ್ನು ಬೇರ್ಪಡಿಸಿಟ್ಟು ಗರ್ಭಕೋಶದ ಕೆಳಭಾಗವನ್ನು ಕೊಯ್ಯುವ ದಾರಿಯನ್ನು ತೋರಿದನು. ಅದನ್ನು ಸರಳಗೊಳಿಸಿ ಆಂಗ್ಲಭಾಷೆಯ ನಾಡುಗಳಲ್ಲಿ ಬಳಕೆಗೆ ತಂದವನು ಗ್ಲಾಸ್ಗೊದ ಮನ್ರೊ ಕರ್. ರಿಕೆಟ್ಸ್ ರೋಗದಿಂದ ಸೊಂಟ ಕಿರಿದಾದ ಹೆಂಗಸರು ತುಂಬಿದ್ದ ಆ ಕೈಗಾರಿಕಾ ನಗರದಲ್ಲಿ ಅವನಿಗೆ ಅನುಭವಕ್ಕೆ ಕೊರತೆಯಿರಲಿಲ್ಲ. ೧೯೨೦ರ ದಶಕದಲ್ಲಿ ಆತನು ಕೆಳಭಾಗದ ಅಡ್ಡಕೊಯ್ತವನ್ನು ಎಡೆಬಿಡದೆ ಪ್ರತಿಪಾದಿಸಿದನು. ಈ ಕೊಯ್ತದ ಮೇಲೆ ಮೂತ್ರಕೋಶದ ಪೊರೆಯನ್ನು ಹೊದಿಸಬಹುದಾದುದರಿಂದ ಗಾಯವು ಉದರದಿಂದ ಮರೆಯಾಗುತ್ತಿತ್ತು. ಇಂದು ಲೋಕದಲ್ಲೆಲ್ಲ ರೂಢಿಯಲ್ಲಿರುವುದು ಈ ಕೊಯ್ತವೇ.

ಇಷ್ಟಾದರೂ ವೈದ್ಯನು ನಂಜನ್ನು ಹೊರಗಿಡಬಲ್ಲವನಾಗಿದ್ದನೇ ಹೊರತು ಒಳಹೊಕ್ಕ ನಂಜನ್ನು ಕೊಲ್ಲಬಲ್ಲವನಾಗಿರಲಿಲ್ಲ. ಸೂತಿಕಾಜ್ವರದ ಕಾರಣವಾದ ಸರಪಣಿಯಾಕಾರದ ಜೀವಿಗಳನ್ನು ಪ್ಯಾಸ್ಚರನು ೧೮೭೯ರಲ್ಲಿಯೇ ಪ್ಯಾರಿಸಿನ ವೈದ್ಯಸಭೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದನು. ಅವುಗಳಿಗೆ ಮದ್ದು ದೊರಕಲು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜರ್ಮನಿಯ ಡೊಮಾಕ್ ೧೯೩೫ರಲ್ಲಿ ಪ್ರಕಟಿಸಿದ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ಔಷಧವನ್ನು ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕನು ೧೯೩೬ರಲ್ಲಿ ಬಾಣಂತಿಯರಿಗೆ ಕೊಟ್ಟನು. ಮೊದಲ ೩೮ ಮಂದಿಯಲ್ಲಿ ಸತ್ತವರು ಮೂವರು ಮಾತ್ರ. ಅದಕ್ಕೆ ಮುಂಚೆ ಅದೇ ಆಸ್ಪತ್ರೆಯಲ್ಲಿ ನಾಲ್ವರಿಗೊಬ್ಬಳಂತೆ ಸಾಯುತ್ತಿದ್ದರು. ಈ ಜೀವಿಗಳು ಹೆರಿಗೆ ಮಾಡಿಸುವವರ ಗಂಟಲಿನಿಂದಲೂ ಬರುವುವೆಂಬುದನ್ನು ಅವನ ಸೋದರಿಯಾದ ಡೋರಾ ಕೋಲ್‌ಬ್ರೂಕಳು ಸ್ಥಾಪಿಸಿದ್ದಳು. ಅನಂತರ ಪೆನಿಸಿಲಿನ್ ಮೊದಲಾದ ಜೀವಿನಿರೋಧಕ ಔಷಧಗಳು ಬಂದವು.

ಮದ್ದು ಸಿಕ್ಕಿದ ಬಳಿಕ ಅದನ್ನು ಯಾವಾಗ ಕೊಡಬೇಕೆಂಬ ಪ್ರಶ್ನೆಯು ಹುಟ್ಟಿತು. ೧೯೬೧ರಲ್ಲಿ ಜಾನ್ ಬರ್ಕ್ ಎಂಬ ಅಮೆರಿಕದ ಶಸ್ತ್ರವೈದ್ಯನು ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಸೂಕ್ಷ್ಮಜೀವಿಗಳು ಗಾಯಕ್ಕೆ ಬೀಳುವ ಹೊತ್ತಿಗೆ ಔಷಧವು ರಕ್ತದಲ್ಲಿರಬೇಕೆಂದೂ, ಮೂರು ಗಂಟೆ ತಡವಾದರೆ ಕೊಟ್ಟೂ ಕೊಡದಂತೆಯೇ ಎಂದೂ ತೋರಿಸಿದನು. ಇತರ ಶಸ್ತ್ರಕ್ರಿಯೆಗಳಲ್ಲಿ ಈ ಮಾತನ್ನು ಒಪ್ಪಿ, ಕೊಯ್ಯುವ ಮುನ್ನವೇ ಔಷಧವನ್ನು ಕೊಡತೊಡಗಿದರು. ಸಿಸೇರಿಯನ್ನಿನಲ್ಲಿ ಮಾತ್ರ ಹೊಕ್ಕುಳಬಳ್ಳಿಯನ್ನು ಕಟ್ಟಿದ ಮೇಲೆಯೇ ಕೊಡುವ ರೂಢಿಯು ಹಲವು ದಶಕಗಳವರೆಗೆ ನಿಂತಿತು. ಔಷಧವು ಬಳ್ಳಿಯ ಮೂಲಕ ಶಿಶುವನ್ನು ಸೇರಿ, ಅದಕ್ಕೆ ತಗಲಿರಬಹುದಾದ ಸೋಂಕನ್ನು ಮರೆಮಾಡೀತೆಂಬುದು ಶಿಶುವೈದ್ಯರ ಭಯ. ಈ ಭಯವು ನಿರಾಧಾರವೆಂದು ತಳ್ಳಿಹಾಕತಕ್ಕದ್ದಾಗಿರಲಿಲ್ಲ. ಆದರೆ ಶಿಶುವಿನ ಮೇಲಣ ಕಳಕಳಿಯಿಂದ ತಾಯಿಯ ಗಾಯವು ಕಾವಲಿಲ್ಲದೆ ತೆರೆದಿರುತ್ತಿದ್ದ ಆ ಕೆಲವು ನಿಮಿಷಗಳ ಬೆಲೆಯನ್ನು ಬಹುಕಾಲದವರೆಗೆ ಯಾರೂ ತೂಗಿ ನೋಡಲಿಲ್ಲ. ೨೦೦೭ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ನಡೆದ ಪರೀಕ್ಷೆಯೊಂದು ಹಾಗೆ ತೂಗಿತು. ಕೊಯ್ಯುವ ಮೊದಲೇ ಔಷಧ ಪಡೆದ ತಾಯಂದಿರಲ್ಲಿ ನಂಜು ಕಡಮೆಯಾಯಿತು, ಶಿಶುಗಳಿಗೆ ಕೇಡು ಕಾಣಲಿಲ್ಲ. ೨೦೧೦ರ ಸುಮಾರಿಗೆ ಅಮೆರಿಕದಲ್ಲಿಯೂ, ೨೦೧೧ರಲ್ಲಿ ಬ್ರಿಟನ್ನಿನಲ್ಲಿಯೂ ನಿಯಮವು ಬದಲಾಯಿತು. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೊಯ್ತಕ್ಕೆ ಮೊದಲೇ ಔಷಧವನ್ನು ಕೊಡತಕ್ಕದ್ದೆಂದು ಸೂಚಿಸಿತು.

ಚರ್ಮವನ್ನು ಒರಸುವ ದ್ರವದಂತಹ ಸಣ್ಣ ಸಂಗತಿಯಲ್ಲಿಯೂ ಪರೀಕ್ಷೆಗಳು ನಿಂತಿಲ್ಲ. ೨೦೧೬ರಲ್ಲಿ ೧,೧೪೭ ತಾಯಂದಿರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಅಯೋಡಿನ್ ಮದ್ಯಸಾರದಿಂದ ಚರ್ಮವನ್ನು ಒರಸಿದವರಲ್ಲಿ ನೂರಕ್ಕೆ ೭.೩ ಮಂದಿಗೂ, ಕ್ಲೋರ್‌ಹೆಕ್ಸಿಡಿನ್ ಮದ್ಯಸಾರದಿಂದ ಒರಸಿದವರಲ್ಲಿ ೪ ಮಂದಿಗೂ ಗಾಯದ ನಂಜು ಕಂಡಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆಯು, ಬೇನೆ ಹತ್ತಿಯೋ ನೀರೊಡೆದೋ ಬಂದು ಸಿಸೇರಿಯನ್ನಿಗೆ ಒಳಗಾದ ೨,೦೧೩ ತಾಯಂದಿರನ್ನು ಕುರಿತದ್ದು. ಹ್ಯಾರಿಸನು ಯಾರ ವಿಷಯದಲ್ಲಿ ಎಚ್ಚರಿಸಿದ್ದನೋ ಅಂತಹವರೇ ಇವರು. ರೂಢಿಯ ಔಷಧದೊಡನೆ ಅಜಿಥ್ರೊಮೈಸಿನ್ ಎಂಬ ಇನ್ನೊಂದನ್ನು ಕೂಡಿಸಿ ಕೊಟ್ಟಾಗ ಗಾಯದ ನಂಜು ನೂರಕ್ಕೆ ೬.೬ರಿಂದ ೨.೪ಕ್ಕೆ ಇಳಿಯಿತು. ಕೊಯ್ಯುವ ಜಾಗದ ಕೂದಲನ್ನು ಕ್ಷೌರದ ಕತ್ತಿಯಿಂದ ಹೆರೆಯುವ ಹಳೆಯ ರೂಢಿಯು ಚರ್ಮದಲ್ಲಿ ಸಣ್ಣ ಗೀರುಗಳನ್ನು ಮಾಡಿ ನಂಜಿಗೆ ದಾರಿಕೊಡುವುದೆಂದು ತಿಳಿದು, ಅದನ್ನೂ ಬಿಡಹೇಳಿದ್ದಾರೆ.

ಗಾಯದ ನಂಜೆಂದು ಇಂದು ಲೆಕ್ಕಕ್ಕೆ ಹಿಡಿಯುವುದು ಶಸ್ತ್ರಕ್ರಿಯೆಯಾದ ೩೦ ದಿನಗಳವರೆಗೆ ಕಾಣಿಸಿಕೊಂಡುದನ್ನು. ಬಾಣಂತಿಯು ಆಸ್ಪತ್ರೆಯಲ್ಲಿರುವುದು ಅದರಲ್ಲಿ ಕೆಲವೇ ದಿನ. ಆದುದರಿಂದ ಹೊಲಿಗೆಯ ಸುತ್ತ ಕೆಂಪೇರಿದುದನ್ನೂ, ಕೀವು ಒಸರಿದುದನ್ನೂ, ಬಿಟ್ಟುಬಿಟ್ಟು ಬರುವ ಜ್ವರವನ್ನೂ ಮೊದಲು ಕಾಣುವವರು ಬಹುಮಟ್ಟಿಗೆ ವೈದ್ಯರಲ್ಲ, ಮನೆಯಲ್ಲಿ ಬಾಣಂತಿತನ ಮಾಡುವ ತಾಯಿಯೋ ಅತ್ತೆಯೋ ಆಗಿರುತ್ತಾರೆ.